ಅತ್ತೆಯ ಹಲಗೆ, ಸೊಸೆಯ ಹಲಗೆ

ಕೋಜಿ ಕೋಣೆಯ ಬಾಗಿಲು ಸರಿಸಿದ ಕೂಡಲೇ ತೊಮೆಯ ಮೂಗಿಗೆ ವಾಸನೆ ಬಡಿಯಿತು. ಬರಬೇಕಾಗಿದ್ದದ್ದು ಬೆಂದ ಗೆಣಸಿನಂಥ ಸಿಹಿ ಕಂಪು. ಬಂದದ್ದು ಮೂರು ದಿನ ಒದ್ದೆಯಾಗಿ ಬಿದ್ದಿದ್ದ ಕಾಲುಚೀಲದ ನಾತ. ಬಟ್ಟೆ ಎತ್ತಿ ಬೆರಳು ಹಾಕಿದಳು. ಅಕ್ಕಿಯ ಕಾಳುಗಳು ಬೆರಳಿಗೆ ಅಂಟಿಕೊಂಡು ಎಳೆ ಎಳೆಯಾಗಿ ಮೇಲೆದ್ದವು.

ಮೂವತ್ತೈದು ವರ್ಷದಲ್ಲಿ ಆ ಮನೆಯಲ್ಲಿ ಇಂಥದ್ದು ಆಗಿರಲಿಲ್ಲ. ಶಿನ್‌ಶು ಸೀಮೆಯ ಆ ಕಣಿವೆಯಲ್ಲಿ ಅದಕ್ಕೆ ಕೋಜಿಮನೆ ಅಂತಲೇ ಹೆಸರು. ಹಬೆಯಲ್ಲಿ ಬೇಯಿಸಿದ ಅಕ್ಕಿಗೆ ಬಿಳಿಯ ಬೂಷ್ಟು ಹಿಡಿಸಿ ಕೊಡುವುದು ಅವರ ಕಸುಬು. ಊರಿನ ಹೆಂಗಸರು ಆ ಕೋಜಿಯನ್ನು ಒಯ್ದು, ಬೆಂದ ಸೋಯಾ ಕಾಳಿನ ಜೊತೆ ಉಪ್ಪು ಹಾಕಿ ಕಲಸಿ ಪೀಪಾಯಿಗೆ ತುಂಬಿದರೆ ವರ್ಷ ತುಂಬುವಷ್ಟರಲ್ಲಿ ಮಿಸೊ ಆಗುತ್ತದೆ. ಮಿಸೊ ಇಲ್ಲದಿದ್ದರೆ ಬೆಳಗಿನ ಸಾರಿಲ್ಲ. ಸಾರಿಲ್ಲದಿದ್ದರೆ ಆ ಊರಿನವರಿಗೆ ಬೆಳಗಾದ ಹಾಗೆಯೇ ಅಲ್ಲ.

ಮುದುಕ ಕುಮಾಕಿಚಿ ಬಂದು ನೋಡಿ ತಲೆ ಕೆರೆದುಕೊಂಡ. ತೊಮೆಯ ಗಂಡ ಬದುಕಿದ್ದಾಗಿನಿಂದಲೂ ಆ ಕೋಣೆಯ ಮೇಲಾಳು ಅವನೇ.

“ನನ್ನದೇ ತಪ್ಪು ಅಮ್ಮಾವ್ರೇ. ಅಕ್ಕಿ ಸ್ವಲ್ಪ ನೀರು ಕುಡಿದಿತ್ತು. ಹಿಮ ಬೇರೆ ಬೇಗ ಕರಗ್ತಾ ಇದೆ, ಸೆಖೆ. ಏಳು ವರ್ಷಕ್ಕೋ ಹತ್ತು ವರ್ಷಕ್ಕೋ ಒಂದ್ಸಲ ಹೀಗಾಗತ್ತೆ.”

“ನನ್ನ ಕಾಲದಲ್ಲಿ ಆಗಿಲ್ಲ.”

“ನಿಮ್ಮ ಅತ್ತೆ ಕಾಲದಲ್ಲಿ ಆಗಿತ್ತು.”

“ನಮ್ಮತ್ತೆ ಕಾಲದಲ್ಲಿ ಏನೇನೋ ಆಗಿತ್ತು ಬಿಡು. ಆಗ ಈ ಮನೆಗೆ ನಾಟ್ಟೋ ತಿನ್ನೋ ಊರಿನ ಹೆಣ್ಣು ಬಂದಿರಲಿಲ್ಲ.”

ಅಂದಿನಿಂದಲೇ ತೊಮೆಯ ಕಣ್ಣು ಸೊಸೆಯ ಬೆನ್ನ ಮೇಲೆ ಬಿತ್ತು.

ನಾಟ್ಟೋ ಕೂಡ ಸೋಯಾ ಕಾಳಿನದೇ, ಆದರೆ ಮಿಸೊಗೆ ದಾಯಾದಿ. ಬೆಂದ ಕಾಳನ್ನು ಭತ್ತದ ಹುಲ್ಲಿನಲ್ಲಿ ಕಟ್ಟಿ ಬೆಚ್ಚಗಿಟ್ಟರೆ ಲೋಳೆ ಲೋಳೆಯಾಗಿ, ಘಮ್ಮೆಂದು ಕೆಲವರಿಗೂ, ಗಬ್ಬೆಂದು ಉಳಿದವರಿಗೂ ತೋರುವ ಆ ತಿನಿಸು ಸಿದ್ಧ. ಕೋಜಿಮನೆಯವರು ಚಳಿ ಶುರುವಾದಂದಿನಿಂದ ಊರಿನ ಕೊನೆಯ ಪೀಪಾಯಿ ಮುಚ್ಚುವ ತನಕ ಅದನ್ನು ಬಾಯಿಗೆ ಹಾಕುವುದಿಲ್ಲ. ಅದನ್ನು ತಿಂದವರು ಕೋಣೆಗೆ ಕಾಲಿಟ್ಟರೆ ಕೋಜಿಯೂ ಲೋಳೆಯಾಗುತ್ತದೆ. ತೊಮೆ ಮದುವೆಯಾಗಿ ಬಂದ ದಿನ ಬಿಟ್ಟವಳು ಬೇಸಿಗೆಯಲ್ಲಿಯೂ ಮತ್ತೆ ಮುಟ್ಟಿರಲಿಲ್ಲ. ಈ ಬಿಗುವಿನ ಬಗ್ಗೆ ಅವಳಿಗೆ ಜಂಬವಿತ್ತು. ಊರಿಗೆಲ್ಲ ಗೊತ್ತಿರುವಷ್ಟು ಜಂಬ.

ಸೊಸೆ ಹಿಸಾನೊ ದೂರದ ಹಿತಾಚಿ ಸೀಮೆಯವಳು. ಅಲ್ಲಿ ನಾಟ್ಟೋ ಇಲ್ಲದೆ ಮಕ್ಕಳು ಬಾಯಿ ತೆರೆಯುವುದಿಲ್ಲ ಎಂಬ ಮಾತಿದೆ. ಸುವಾ ಸರೋವರದ ದಡದ ರೇಷ್ಮೆ ಗಿರಣಿಗೆ ದುಡಿಯಲು ಬಂದವಳನ್ನು ಸಾವಾ ಎಂಬ ಮುದುಕಿ ನೋಡಿ, ಮೆಚ್ಚಿ, ತೊಮೆಯ ಮಗ ರಿಕಿಚಿಗೆ ಕುದುರಿಸಿದ್ದಳು. ಮದುವೆಯಾಗಿ ಐದು ತಿಂಗಳು. ಹುಡುಗಿ ಮಾತು ಕಡಿಮೆ, ಕೆಲಸ ಹೆಚ್ಚು. ಮೊದಲು ಅದು ಗುಣವಾಗಿ ಕಂಡಿತ್ತು. ಈಗ ತೊಮೆಗೆ, ಮಾತಾಡದವಳ ಹೊಟ್ಟೆಯಲ್ಲಿ ಏನಿರುತ್ತದೋ ಯಾರು ಬಲ್ಲರು ಅನ್ನಿಸತೊಡಗಿತು.

ಉರಿಯುವ ಒಲೆಗೆ ತುಪ್ಪ ಸುರಿಯಲು ಪಕ್ಕದ ಮನೆಯ ಯೊನೆ ಇದ್ದೇ ಇದ್ದಳು. ಮರುದಿನವೇ ಬಂದು ಅಂಗಳದಲ್ಲಿ ಕೂತಳು.

“ತೊಮೆಕ್ಕ, ನಾನು ಹೇಳಿದೆ ಅಂತ ಹೇಳ್ಬೇಡ. ಹೋದ ವಾರ ನಿಮ್ಮ ಸೊಸೆಗೆ ತೌರಿಂದ ಒಂದು ಗಂಟು ಬಂತಲ್ಲ. ಅಂಚೆಯವನ ಕೈಲಿ ನಾನೇ ನೋಡ್ದೆ. ಹುಲ್ಲಿನ ಕಟ್ಟು. ಈ ಉದ್ದ.”

“ಹುಲ್ಲಿನ ಕಟ್ಟಾ?”

“ಮೂಗಿಗೆ ಹಿಡಿದು ನೋಡ್ಲಿಲ್ಲಮ್ಮ. ನನಗ್ಯಾಕೆ ಇನ್ನೊಬ್ರ ಮನೆ ವಿಷಯ?”

ತೊಮೆ ಆ ಸಂಜೆಯೇ ಕೇಳಿಬಿಟ್ಟಳು. ಹಿಸಾನೊ ಮೂಲಂಗಿ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು ಮೊಣಕಾಲೂರಿ ಕೂತಳು.

“ಬಂದಿತ್ತು ಅತ್ತೆ. ನಾಟ್ಟೋನೇ. ನಮ್ಮಕ್ಕಂಗೆ ಇಲ್ಲಿನ ಕಟ್ಟಳೆ ಗೊತ್ತಿಲ್ಲ, ಕಳಿಸಿಬಿಟ್ಟಿದ್ಲು.”

“ಎಲ್ಲಿದೆ?”

“ಮನೆಗೆ ತರಲಿಲ್ಲ. ಸೇತುವೆ ಹತ್ರ ಇದ್ದಿಲು ಗಾಡಿಯವನು ಸಿಕ್ಕಿದ್ದ, ಅವನಿಗೆ ಕೊಟ್ಟುಬಿಟ್ಟೆ.”

“ತೌರಿಂದ ಬಂದದ್ದನ್ನ? ದಾರೀಲಿ ಹೋಗೋನಿಗೆ?”

“ಹೂಂ ಅತ್ತೆ.”

ತೊಮೆ ನಕ್ಕಳು. ತೌರಿನ ಮಣ್ಣನ್ನೂ ಸೆರಗಿನಲ್ಲಿ ಕಟ್ಟಿಕೊಳ್ಳುವ ವಯಸ್ಸು, ಅಕ್ಕ ಕೈಯಾರೆ ಕಟ್ಟಿದ ತಿಂಡಿಯನ್ನು ಇದ್ದಿಲು ಗಾಡಿಯವನಿಗೆ ದಾನ ಮಾಡಿದಳಂತೆ! ಇದನ್ನು ನಂಬುವವರು ಬೇರೆ ಯಾರಾದರೂ ಇರಬೇಕು. ರಿಕಿಚಿ ನಂಬಿದ. ಅವನು ಗಂಡ, ನಂಬಲೇಬೇಕು, ಇಲ್ಲವಾದರೆ ಊಟ ಹೇಗೆ ಸೇರುತ್ತದೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಿಸಾನೊ ಕೋಣೆಗೆ ಹೋಗುವ ಮುನ್ನ ಪ್ರತಿ ಸಲವೂ ಮನೆ ಹಿಂದಿನ ತೊರೆಗೆ ಹೋಗುತ್ತಿದ್ದಳು. ಮಂಜುಗಡ್ಡೆಯಂಥ ನೀರಿನಲ್ಲಿ ಮೊಣಕೈ ತನಕ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬಂದು ಬಿಸಿನೀರಿನಲ್ಲಿ ಇನ್ನೊಮ್ಮೆ. ಉಗುರು ಸಂದಿಯನ್ನು ಬಿದಿರು ಕಡ್ಡಿಯಿಂದ ಕೆರೆಯುತ್ತಿದ್ದಳು. ಮನೆಯ ಉಳಿದವರೆಲ್ಲ ಬಾಗಿಲ ಬಳಿಯ ಬಕೆಟ್ಟಿನಲ್ಲಿ ಕೈ ಅದ್ದಿ ಒರೆಸಿಕೊಂಡು ಒಳಗೆ ಹೋಗುವುದು ವಾಡಿಕೆ. ಮೂವತ್ತೈದು ವರ್ಷ ತೊಮೆಯೂ ಅಷ್ಟೇ ಮಾಡಿದ್ದು. ಇವಳದೇನು ಇಷ್ಟೊಂದು ಮಡಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಕೈಯಲ್ಲಿ ಏನೂ ಇಲ್ಲದವಳು ಕೈಯನ್ನು ಇಷ್ಟು ಯಾಕೆ ತಿಕ್ಕುತ್ತಾಳೆ?

ಸೊಸೆ ತೊರೆಗೆ ಹೋದ ಹೊತ್ತೇ ತೊಮೆಗೆ ಹುಡುಕುವ ಹೊತ್ತಾಯಿತು. ಮೊದಲ ದಿನ ಅವಳ ಪೆಟ್ಟಿಗೆ ತೆಗೆದು ಒಂದೊಂದೇ ಬಟ್ಟೆ ಮೂಸಿದಳು. ಅತ್ತೆಯಾದವಳು ಇಂಥ ಕೆಲಸ ಮಾಡುವುದು ಮರ್ಯಾದೆಯಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೂ ಮೂಸಿದಳು. ಮರುದಿನ ಹಾಸಿಗೆ. ಅದರ ಮರುದಿನ ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಿದ್ದ ಭತ್ತದ ಹುಲ್ಲು. ಹುಲ್ಲಿನ ಕಟ್ಟನ್ನು ಬಚ್ಚಿಡಲು ಹುಲ್ಲಿಗಿಂತ ಒಳ್ಳೆಯ ಜಾಗ ಯಾವುದು? ಭುಜದ ತನಕ ತೋಳು ತೂರಿಸಿ ತಡಕಿದಳು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಚೆನ್ನಾಗಿಯೇ ಬಚ್ಚಿಟ್ಟಿದ್ದಾಳೆ. ಸೊಸೆ ವಾಪಸು ಬರುವ ಸದ್ದಾದ ಕೂಡಲೇ ಇಳಿದು, ಬಕೆಟ್ಟಿನಲ್ಲಿ ಕೈ ಅದ್ದಿ, ಏನೂ ಆಗಿಲ್ಲವೆಂಬಂತೆ ಕೋಣೆಗೆ ಹೋಗಿ ಅಕ್ಕಿ ತಿರುವಿದಳು.

ಎರಡನೆಯ ಕೋಜಿಯೂ ಲೋಳೆಯಾಯಿತು. ಮೊದಲಿನದಕ್ಕಿಂತ ಹೆಚ್ಚು.

ತೊಮೆ ಆ ದಿನ ಅತ್ತಳು. ಅದು ಸಿಟ್ಟಿನ ಅಳು, ಹೆದರಿಕೆಯದೂ ಹೌದು. ಊರಿನ ಹೆಂಗಸರು ಕಾಯುತ್ತಿದ್ದರು. ಇನ್ನೊಂದು ಸಲ ಕೆಟ್ಟರೆ ಕಣಿವೆಯ ಕೆಳಗಿನ ಬೇರೆ ಕೋಜಿಮನೆಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ಮಿಸೊದ ರುಚಿ ಕೆಟ್ಟ ಮನೆ ಕೆಟ್ಟಿತು ಎಂದು ಹಿರಿಯರು ಹೇಳಿದ್ದು ಸುಮ್ಮನೆಯೇ? ಕಣ್ಣೊರೆಸಿಕೊಂಡು ಮಗನನ್ನು ಕರೆದಳು.

“ನಾನು ಸಾವಾಗೆ ಹೇಳಿಕಳಿಸ್ತೀನಿ. ಕರ್ಕೊಂಡು ಬಂದವಳೇ ಕರ್ಕೊಂಡು ಹೋಗ್ಲಿ.”

ರಿಕಿಚಿ ಬಾಯಿಯಲ್ಲಿ ಕಡುಬು ತುರುಕಿಕೊಂಡವನಂತೆ ನಿಂತ. “ಅಮ್ಮ, ಅವಳು ತಿಂದಿಲ್ಲ ಅಂತಾಳೆ.”

“ತಿಂದೆ ಅಂತ ಯಾವಳಾದ್ರೂ ಹೇಳ್ತಾಳೇನೋ?”

“ನೋಡಿಲ್ವಲ್ಲ ನೀನು.”

“ಕೋಜಿ ನೋಡಿದ್ಯಲ್ಲ, ಸಾಲದಾ?”

ಕುಮಾಕಿಚಿ ಮಾತ್ರ ಇನ್ನೊಂದು ಸಲ ನೋಡೋಣ ಅಂದ. ತೊಮೆಗೆ ಒಂದು ಉಪಾಯ ಹೊಳೆದದ್ದು ಆಗಲೇ. ಇದುವರೆಗೆ ಅಕ್ಕಿಯೆಲ್ಲ ಒಂದೇ ದೊಡ್ಡ ಹಾಸಿನ ಮೇಲೆ ರಾಶಿ ಬಿದ್ದಿರುತ್ತಿತ್ತು, ನಾಲ್ಕೂ ಜನ ಕೈ ಹಾಕುತ್ತಿದ್ದರು. ಯಾರ ಕೈಯಿಂದ ಕೆಟ್ಟಿತು ಎಂದು ದೇವರೇ ಹೇಳಬೇಕು. ಈ ಸಲ ಮರದ ಸಣ್ಣ ತಟ್ಟೆಗಳಿಗೆ ಹಂಚೋಣ. ಒಬ್ಬೊಬ್ಬರಿಗೆ ಗೋಡೆಯ ಒಂದೊಂದು ಹಲಗೆ, ಹಲಗೆಗೆ ಎಂಟು ತಟ್ಟೆ. ಮೇಲಿನದು ಕುಮಾಕಿಚಿಯದು, ಅದರ ಕೆಳಗೆ ರಿಕಿಚಿಯದು, ಆಮೇಲೆ ತನ್ನದು, ಕೊನೆಯದು ಹಿಸಾನೊಳದು. ಅವರವರ ತಟ್ಟೆಯನ್ನು ಅವರವರೇ ತಿರುವಬೇಕು, ಇನ್ನೊಬ್ಬರದಕ್ಕೆ ಬೆರಳು ತಾಗಿಸಕೂಡದು.

“ಮೂರನೇ ದಿನ ಬೆಳಿಗ್ಗೆ ಸಾವಾ ಎದುರಿಗೇ ತೆಗೀತೀನಿ,” ಅಂದಳು ತೊಮೆ. “ಯಾರ ಹಲಗೆ ಕೆಟ್ಟಿರತ್ತೋ ಅವರು ಮನೆ ಬಿಡ್ಬೇಕು. ಏನಂತೀಯೆ?”

ಹಿಸಾನೊ ತಲೆಯೆತ್ತಿ ಅತ್ತೆಯ ಮುಖವನ್ನು ನೋಡಿದಳು. ಎಂದೂ ಹಾಗೆ ನೇರ ನೋಡಿದವಳಲ್ಲ.

“ಯಾರದಾದ್ರೂ ಸರಿಯಾ ಅತ್ತೆ?”

“ಯಾರದಾದ್ರೂ ಸರಿ.”

“ಹಾಗಾದ್ರೆ ಆಗ್ಲಿ.”

ಈ ಧೈರ್ಯ ತೊಮೆಗೆ ಹಿಡಿಸಲಿಲ್ಲ. ಏನೋ ಹೂಡಿದ್ದಾಳೆ ಇವಳು.

ಅಕ್ಕಿ ಬೇಯಿಸಿ, ಆರಿಸಿ, ಕುಮಾಕಿಚಿ ಬೂಷ್ಟು ಹಿಡಿಸುವ ಹಸಿರು ಪುಡಿಯನ್ನು ಉದುರಿಸಿದ. ತಟ್ಟೆಗಳು ಹಲಗೆ ಏರಿದವು. ಎರಡು ದಿನ ಆ ಕೋಣೆಗೆ ಯಾರು ಹೋದರು, ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಲ್ಲವನ್ನೂ ತೊಮೆ ಬಾಗಿಲ ಬಳಿ ಕೂತು ನೋಡಿದಳು. ವಿಚಿತ್ರವೆಂದರೆ ಸೊಸೆಯೂ ಅವಳನ್ನು ನೋಡುತ್ತಿದ್ದಳು. ಅಡುಗೆಮನೆಯಿಂದ, ತೊರೆಯ ಮೆಟ್ಟಿಲಿನಿಂದ, ಬಟ್ಟೆ ಹರವುತ್ತ. ಎರಡು ಬೆಕ್ಕುಗಳು ಒಂದೇ ಬಿಲದ ಮುಂದೆ ಕೂತಂತೆ ಇತ್ತು ಆ ಮನೆ.

ಎರಡನೆಯ ದಿನ ಮಧ್ಯಾಹ್ನ ಹಿಸಾನೊ ತೊರೆಗೆ ಹೋದಾಗ ತೊಮೆಗೆ ತಡೆಯಲಾಗಲಿಲ್ಲ. ಕೊಟ್ಟಿಗೆಯ ಅಟ್ಟ ಹತ್ತಿದಳು. ಹುಲ್ಲು ಕೆದರಿತ್ತು. ಯಾರೋ ಕೈ ಹಾಕಿದ್ದಾರೆ! ಕೆದರಿದ್ದು ಎಂಟು ದಿನದ ಹಿಂದೆ ತಾನೇ ಎಂಬುದು ಅವಳಿಗೆ ನೆನಪಾಗಲಿಲ್ಲ. ಬುಡ ಸಮೇತ ಬಗೆದು ನೋಡಿದಳು, ಕಟ್ಟು ಕಟ್ಟು ಬಿಚ್ಚಿದಳು. ಧೂಳಿಗೆ ಸೀನು ಬಂತು. ಏನೂ ಇಲ್ಲ. ಕೊನೆಗೆ ಕುಮಾಕಿಚಿ, “ಅಮ್ಮಾವ್ರೇ, ತಿರುವೋ ಹೊತ್ತಾಯ್ತು,” ಅಂತ ಕೂಗಿದಾಗ ಇಳಿದು ಬಂದು, ಬಕೆಟ್ಟಿನಲ್ಲಿ ಕೈ ಅದ್ದಿ, ಒಳಗೆ ಹೋಗಿ, ತನ್ನ ಎಂಟೂ ತಟ್ಟೆಗಳ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ತಿರುವಿದಳು. ಅಷ್ಟು ಮುತುವರ್ಜಿಯಿಂದ ಅವಳು ಹಿಂದೆಂದೂ ತಿರುವಿರಲಿಲ್ಲ.

ಮೂರನೆಯ ಬೆಳಿಗ್ಗೆ ಸಾವಾ ಬಂದು ಬೆಂಕಿಯ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಊರಿನ ಮನೆಮನೆಯಲ್ಲಿ ನಿನ್ನೆಯಿಂದ ನೆನೆದ ಸೋಯಾ ಕಾಳು ಒಲೆ ಏರಿತ್ತು. ಆ ಬೆಂದ ವಾಸನೆ ಕೋಜಿಮನೆಯ ಅಂಗಳಕ್ಕೂ ಬರುತ್ತಿತ್ತು. ಹಿಸಾನೊ ಯಾರೂ ಹೇಳದಿದ್ದರೂ ತನ್ನ ಬಟ್ಟೆಯ ಗಂಟು ಕಟ್ಟಿ ಬಾಗಿಲಿನ ಬಳಿ ಇಟ್ಟಿದ್ದಳು. ಅದನ್ನು ನೋಡಿ ತೊಮೆಗೆ ಸಮಾಧಾನವಾಯಿತು. ತಪ್ಪು ಒಪ್ಪಿಕೊಂಡ ಹಾಗೆಯೇ ಅಲ್ಲವೇ?

“ಕುಮಾಕಿಚಿ ಬರೋವರೆಗೂ ತಡೀತೀಯಾ?” ಅಂದಳು ಸಾವಾ, ಉಪ್ಪಿನಕಾಯಿ ಕಚ್ಚುತ್ತ.

“ಅವನು ಒಲೆ ನೋಡೋಕೆ ಹೋಗಿದಾನೆ. ನಾನು ಒಂದ್ಸಲ ಇಣುಕಿ ಬರ್ತೀನಿ.”

ಒಳಗೆ ಬೆಚ್ಚಗಿತ್ತು. ಮೊದಲು ಕೆಳಗಿನ ಹಲಗೆಯ ಬಟ್ಟೆ ಎತ್ತಿದಳು. ಹಿಸಾನೊಳ ಎಂಟು ತಟ್ಟೆ. ಬೆಳ್ಳಗೆ, ಮೃದುವಾಗಿ, ಕಾಳಿಗೆ ಕಾಳು ನವಿರಾಗಿ ಹೆಣೆದುಕೊಂಡು, ಸಿಹಿಯಾಗಿ ಘಮಘಮಿಸುತ್ತಿದ್ದವು. ಕುಮಾಕಿಚಿಯ ಕೈಯಲ್ಲಿಯೂ ಅಂಥ ಕೋಜಿ ಬರುವುದು ಅಪರೂಪ. ಅವನ ಹಲಗೆ, ರಿಕಿಚಿಯ ಹಲಗೆ ಎರಡೂ ಚೆನ್ನಾಗಿದ್ದವು.

ಆಮೇಲೆ ಅವಳು ತನ್ನ ಹಲಗೆಯ ಬಟ್ಟೆ ಎತ್ತಿದಳು. ಎತ್ತುವ ಮೊದಲೇ ಮೂಗಿಗೆ ತಿಳಿದಿತ್ತು.

ಎಂಟಕ್ಕೆ ಎಂಟೂ ಲೋಳೆ. ಬೆರಳಿಟ್ಟರೆ ಎಳೆ. ತೊಮೆ ಅಲ್ಲೇ ನೆಲಕ್ಕೆ ಕೂತಳು. ಇವಳೇ ಏನೋ ಮಾಡಿದ್ದಾಳೆ, ನನ್ನ ತಟ್ಟೆಗೆ ಇವಳೇ ಏನೋ ಹಾಕಿದ್ದಾಳೆ. ಆದರೆ ಎರಡು ದಿನ ಬಾಗಿಲು ಕಾದವಳು ತಾನೇ. ಹಿಸಾನೊ ಒಳಗೆ ಬಂದಾಗಲೆಲ್ಲ ಕುಮಾಕಿಚಿ ಜೊತೆಗಿದ್ದ. ಅನುಮಾನಕ್ಕೆ ಕೂರಲು ಎಲ್ಲಿಯೂ ಜಾಗ ಸಿಗಲಿಲ್ಲ.

ಹೊರಗೆ ಸಾವಾ ಕೆಮ್ಮಿದಳು. ಯಾರ ಹಲಗೆ ಕೆಟ್ಟಿರುತ್ತದೋ ಅವರು ಮನೆ ಬಿಡಬೇಕು. ಮಾತು ತನ್ನದೇ. ಆದರೆ ತಟ್ಟೆಗಳ ಮೇಲೆ ಯಾರ ಹೆಸರೂ ಇಲ್ಲವಲ್ಲ, ಹಲಗೆಯೇ ಹೆಸರು. ಎಂಟು ತಟ್ಟೆ ಕೆಳಗೆ, ಎಂಟು ತಟ್ಟೆ ಮೇಲೆ. ಒಂದು ಚಹಾ ಮುಗಿಯುವಷ್ಟು ಹೊತ್ತಿನ ಕೆಲಸ. ಮೂವತ್ತೈದು ವರ್ಷದ ಹೆಸರು ಒಂದು ಕಡೆ, ಐದು ತಿಂಗಳ ಹುಡುಗಿ ಒಂದು ಕಡೆ. ತೊಮೆ ಎದ್ದಳು. ಕೆಳಗಿನ ಹಲಗೆಯ ಮೊದಲ ತಟ್ಟೆಗೆ ಕೈ ಚಾಚಿದಳು.

“ಅತ್ತೆ, ಅದನ್ನ ಮುಟ್ಟಬೇಡಿ.”

ಹಿಸಾನೊ ಬಾಗಿಲಲ್ಲಿ ನಿಂತಿದ್ದಳು. ತೋಳು ಮೊಣಕೈ ತನಕ ಕೆಂಪಾಗಿ ಒಡೆದಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಹಲಗೆ, ಕೆಳಗಿನ ಹಲಗೆ, ಅತ್ತೆಯ ಕೈ, ಮೂರನ್ನೂ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

“ನಾನು ಏನೂ...” ಅಂದಳು ತೊಮೆ.

“ಬದಲಾಯಿಸೋದಾದ್ರೆ ನಾನೇ ಎತ್ತಿಟ್ಟುಕೊಡ್ತೀನಿ. ನೀವು ಮುಟ್ಟಿದ್ರೆ ಇದೂ ಹಾಳಾಗತ್ತೆ. ಊರಿನವರೆಲ್ಲ ಕಾಳು ಬೇಯೋಕಿಟ್ಟಿದಾರೆ ಅತ್ತೆ.”

ತೊಮೆ ಕೈ ಹಿಂದಕ್ಕೆ ತೆಗೆದಳು. ಕಿಮೋನೊದ ತೋಳಿಗೆ ನಿನ್ನೆಯ ಒಂದೆರಡು ಹುಲ್ಲಿನ ಎಸಳು ಅಂಟಿದ್ದವು. ಹಿಸಾನೊಳ ಕಣ್ಣು ಅಲ್ಲೇ ಇತ್ತು.

“ಲೋಳೆ ಮಾಡೋದು ಹುಲ್ಲಲ್ಲೇ ಇರತ್ತೆ,” ಅಂದಳು ಹುಡುಗಿ ಮೆಲ್ಲಗೆ. “ನಮ್ಮೂರಲ್ಲಿ ನಾಟ್ಟೋಗೆ ಬೇರೆ ಏನೂ ಹಾಕಲ್ಲ. ಬೆಂದ ಕಾಳು, ಭತ್ತದ ಹುಲ್ಲು, ಅಷ್ಟೇ. ತಿನ್ನೋದೇ ಬೇಕಿಲ್ಲ, ಮುಟ್ಟಿದ್ರೆ ಸಾಕು. ಬರೀ ನೀರಿಗೆ ಹೋಗಲ್ಲ.”

“ಹುಲ್ಲಲ್ಲಿ ನಾವು ಚಪ್ಪಲೀನೂ ಹೆಣೀತೀವಲ್ಲೇ.”

“ಚಪ್ಪಲಿ ಹಾಕ್ಕೊಂಡು ಯಾರೂ ಈ ಕೋಣೆಗೆ ಬರಲ್ವಲ್ಲ ಅತ್ತೆ.”

ತೊಮೆಗೆ ನಾಚಿಕೆಯಾಯಿತು. ಮುಖ ಸುಡುವಂಥ ನಾಚಿಕೆ. ನಾಟ್ಟೋ ಬಲ್ಲವಳಿಗೆ ಅದರ ಭಯವೂ ಗೊತ್ತಿತ್ತು. ಮುಟ್ಟದೆ ಜಂಬಪಟ್ಟವಳಿಗೆ ಏನೂ ಗೊತ್ತಿರಲಿಲ್ಲ. ಮೊದಲಿನದು ಕುಮಾಕಿಚಿ ಹೇಳಿದಂತೆ ಅಕ್ಕಿಯ ತಪ್ಪು, ಎರಡನೆಯ ಕೋಜಿಯನ್ನು ಕೆಡಿಸಿದ್ದು ತಾನೇ. ಸೊಸೆಯನ್ನು ಹಿಡಿಯಲು ಅಟ್ಟ ಹತ್ತಿ, ಅಲ್ಲಿಂದ ನೇರವಾಗಿ ಹೊತ್ತು ತಂದು, ಅಂಗೈಯಲ್ಲಿ ಉಜ್ಜಿ ಉಜ್ಜಿ ಬೆರೆಸಿದ್ದಳು.

“ನೀನು ಮೊದಲೇ ಯಾಕೆ ಹೇಳ್ಲಿಲ್ಲ?”

ಹಿಸಾನೊ ಒಳಗೆ ಬಂದು ಕೆಳಗಿನ ಹಲಗೆಯ ಬಟ್ಟೆಯನ್ನು ಮತ್ತೆ ಮುಚ್ಚಿದಳು.

“ನೀವು ಅಟ್ಟ ಹತ್ತಿ ಇಳಿದು ಹಾಗೇ ಒಳಗೆ ಹೋಗೋದನ್ನ ಎರಡು ಸಲ ನೋಡ್ದೆ. ನನ್ನನ್ನ ಓಡಿಸೋಕೆ ಬೇಕಂತಲೇ ಕೆಡಿಸ್ತಿದ್ದೀರಿ ಅಂದ್ಕೊಂಡೆ.”

ಈ ಮಾತು ತೊಮೆಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು? ತನ್ನ ಕೋಜಿಯನ್ನು ತಾನೇ? ತನ್ನ ಬಗ್ಗೆ ಇಷ್ಟು ಕೆಟ್ಟದ್ದನ್ನು ಯೋಚಿಸಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹುಡುಗಿಗೂ ಹೀಗೇ ಆಗಿರಬೇಕು, ಪೆಟ್ಟಿಗೆಯ ಬಟ್ಟೆ ಬೇರೆ ಮಡಿಕೆಯಲ್ಲಿ ಸಿಕ್ಕಾಗ.

“ತೊಮೇ!” ಸಾವಾ ಹೊರಗಿನಿಂದ ಕೂಗಿದಳು. “ಏನಾಯ್ತೇ? ಯಾರದು?”

ಹಿಸಾನೊ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬರೀ ಅನುಮಾನವಿತ್ತು. ಏನು ಹೇಳುತ್ತಾಳೋ ನೋಡೋಣ ಎಂಬ ಅನುಮಾನ.

ತೊಮೆ ಹೊರಗೆ ಬಂದಳು. ಅಷ್ಟರಲ್ಲಿ ಕುಮಾಕಿಚಿಯೂ ರಿಕಿಚಿಯೂ ಅಂಗಳಕ್ಕೆ ಬಂದಿದ್ದರು. ಬೇಲಿಯಾಚೆ ಯೊನೆಯ ತಲೆಯೂ ಕಂಡಿತು. ಇವಳ ಎದುರಿಗೂ ಹೇಳಬೇಕಲ್ಲ!

“ನನ್ನದು,” ಅಂದಳು. “ಕೆಟ್ಟಿರೋದು ನನ್ನ ಹಲಗೆ. ಹಿಂದಿನ ಸಲ ಕೆಟ್ಟಿದ್ದೂ ನನ್ನ ಕೈಯಿಂದಲೇ. ಅವಳದು ಬಂಗಾರದಂಗೆ ಬಂದಿದೆ, ಹೋಗಿ ನೋಡಿ.”

ಸಾವಾ ಬಟ್ಟಲು ಕೆಳಗಿಟ್ಟಳು.

“ಯಾರದು ಕೆಟ್ಟಿರತ್ತೋ ಅವರು ಮನೆ ಬಿಡ್ಬೇಕು ಅಂದಿದ್ದೆ,” ಅಂದಳು ತೊಮೆ. “ನನಗೆ ಹೋಗೋಕೆ ತೌರು ಉಳಿದಿಲ್ಲ ಸಾವಾ.”

“ಥೂ, ನಿನ್ನ ಹಾಳಾದ ಬಾಯಿ!” ಅಂದಳು ಮುದುಕಿ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಒಂದೇ ಬೆಳಿಗ್ಗೆ ಎರಡೂ ಕಾಲ ಬಂದಿದ್ದನ್ನ ನಾನು ನೋಡಿರಲಿಲ್ಲ. ತೀರ್ಮಾನ ನಂದಲ್ಲಮ್ಮ, ಒಳಗಿದಾಳಲ್ಲ, ಅವಳನ್ನ ಕೇಳು.”

ಕುಮಾಕಿಚಿ ಕೋಣೆಗೆ ಹೋಗಿ ಬಂದು, ನೆಲ ನೋಡುತ್ತ ಅಂದ, “ಅಮ್ಮಾವ್ರೇ, ತಪ್ಪು ತಿಳೀಬೇಡಿ. ಈ ಚಳಿಗಾಲ ಮುಗಿಯೋ ತನಕ ನೀವು ಒಳಗೆ ಬರೋ ಹಾಗಿಲ್ಲ. ನಿಮ್ಮ ಹಲಗೆ ತೊಳೆದು ಸುಡುನೀರು ಹಾಕ್ಬೇಕು. ಅದನ್ನೂ ಸಣ್ಣಮ್ಮನೇ ನೋಡ್ಕೊಳ್ಳಲಿ.”

ಮೂವತ್ತೈದು ವರ್ಷದಲ್ಲಿ ತೊಮೆ ಆ ಕೋಣೆಯಿಂದ ಹೊರಗುಳಿದದ್ದು ಎರಡೇ ಸಲ, ಒಮ್ಮೆ ಮಗ ಹುಟ್ಟಿದಾಗ, ಒಮ್ಮೆ ಗಂಡ ಸತ್ತಾಗ. ಅವಳು ತಲೆಯಾಡಿಸಿದಳು. ಬಾಗಿಲಿನ ಬಳಿ ಬಂದು ಹೊಸ್ತಿಲ ಈಚೆಗೇ ನಿಂತಳು. ಒಳಗೆ ಹಿಸಾನೊ ಬೆಳ್ಳನೆಯ ತಟ್ಟೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು.

“ಹಿಸಾನೊ,” ಅಂದಳು ತೊಮೆ. “ಆ ಗಂಟು... ಒಳಗೆ ಎತ್ತಿಡಲಾ?”

ಹುಡುಗಿ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು, ಇನ್ನೊಂದನ್ನು ಎತ್ತಿಕೊಂಡಳು. ತೊಮೆ ಕಾದಳು. ಇಷ್ಟು ವರ್ಷದಲ್ಲಿ ಯಾರ ಮಾತಿಗೂ ಅವಳು ಹಾಗೆ ಕಾದವಳಲ್ಲ.

“ಅದು ಇರ್ಲಿ, ಆಮೇಲೆ ನಾನೇ ಬಿಚ್ಚಿಕೊಳ್ತೀನಿ,” ಅಂದಳು ಹಿಸಾನೊ ಕೊನೆಗೆ. “ಬಾಗಿಲು ಹಾಕಿ ಅತ್ತೆ. ಶಾಖ ಹೋಗತ್ತೆ.”

ತೊಮೆ ಹೊರಗೆ ನಿಂತು ಬಾಗಿಲು ಎಳೆದಳು.